ಕೈ ಎತ್ತಿದ ಹುಲಿಗೆಮ್ಮ ಮತ್ತು ನನ್ನ ಸೋಮವಾರದ ಮೀಟಿಂಗ್

ಸಿರುಗುಪ್ಪದಲ್ಲಿರುವ ನಮ್ಮ ಅಕ್ಕಿ ಗಿರಣಿಯನ್ನು ಬಳ್ಳಾರಿಯ ಮನೆಯಲ್ಲಿ ಕೂತೇ ನಡೆಸಬಲ್ಲೆ ಎಂದು ನನಗೆ ಖಾತ್ರಿಯಾದದ್ದು ಎರಡು ದಿನದ ಒಂದು ತರಬೇತಿಯಲ್ಲಿ. ಟೈ ಕಟ್ಟಿದ ಗುರುಗಳು, "ಮಾಲೀಕ ದಿನಾ ಗಿರಣಿಗೆ ಹೋದರೆ ಗಿರಣಿ ಬೆಳೆಯುವುದಿಲ್ಲ. ವಾರಕ್ಕೊಂದು ಶಿಸ್ತಿನ ಮೀಟಿಂಗ್ ಸಾಕು" ಎಂದರು. ಇಪ್ಪತ್ತು ವರ್ಷ ಬೆಳಗಿನ ಬಸ್ಸಿನಲ್ಲಿ ನೂಕಾಡಿದ ನನಗೆ ಈ ಮಾತು ಬಹಳ ಹಿಡಿಸಿತು. ಊಟವೂ ಚೆನ್ನಾಗಿತ್ತು.

ಮನೆಗೆ ಬಂದು ಹೆಂಡತಿ ನಾಗರತ್ನಳಿಗೆ ಹೇಳಿದೆ. ಗಿರಣಿ ಅವಳ ಅಪ್ಪ ಕಟ್ಟಿಸಿದ್ದು. ನಾನು ಅಳಿಯನಾಗಿ ಬಂದು ಕುರ್ಚಿ ಹಿಡಿದವನು.

"ಅಲ್ರೀ, ಅಲ್ಲೇ ಹೋಗಿ ಕುಂತ್ರ ನಿಮ್ ಮಾತು ಯಾರೂ ಕೇಳಂಗಿಲ್ಲ. ಇಲ್ಲಿ ಕುಂತು ಹೇಳಿದ್ರ ಕೇಳ್ತಾರೇನು?"

"ಇದಕ್ಕ ಸಿಸ್ಟಮ್ ಅಂತಾರ. ನಿಮ್ಮಪ್ಪನ ಕಾಲದಾಗ ಇರ್ಲಿಲ್ಲ."

"ಹೌದು, ಆವಾಗ ಬರೇ ಗಿರಣಿ ನಡೀತಿತ್ತು," ಎಂದು ಅವಳು ಸೊಪ್ಪು ಸೋಸಲು ಹೋದಳು.

ಪ್ರತಿ ಸೋಮವಾರ ಹನ್ನೊಂದಕ್ಕೆ ವಿಡಿಯೋ ಮೀಟಿಂಗ್ ಎಂದು ಆಜ್ಞೆ ಹೊರಡಿಸಿದೆ. ಎಲ್ಲರೂ ಹಾಜರಿರಬೇಕು. ಸರದಿ ಬಂದಾಗ ಮಾತ್ರ ಮಾತಾಡಬೇಕು. ನಡುವೆ ಏನಾದರೂ ಹೇಳುವುದಿದ್ದರೆ ಕೈ ಎತ್ತಿ ನನ್ನ ಅಪ್ಪಣೆಗೆ ಕಾಯಬೇಕು. ಮುಗಿಯುವ ತನಕ ಯಾರೂ ಏಳುವಂತಿಲ್ಲ. ಗಿರಣಿಯಲ್ಲಿ ಸಿಗ್ನಲ್ ಸಿಗುವುದು ಗೋದಾಮಿನ ಬಾಗಿಲಲ್ಲಿ ಮಾತ್ರ. ಮಿಶಿನ್ ಮೇಸ್ತ್ರಿ ಖಾಜಾಸಾಬರು ತಮ್ಮ ಫೋನನ್ನು ಅಲ್ಲಿ ಚೀಲಗಳಿಗೆ ಒರಗಿಸಿಡುತ್ತಿದ್ದರು. ಅದರ ಮುಂದೆ ಹಮಾಲರು, ಕಣದ ಹೆಣ್ಣುಮಕ್ಕಳು ಸಾಲಾಗಿ ಕೂರುತ್ತಿದ್ದರು. ಅವರ ಬೆನ್ನ ಹಿಂದೆ ಭತ್ತ ಒಣಗಿಸುವ ಸಿಮೆಂಟಿನ ಕಣ ನನಗೆ ಕಾಣುತ್ತಿತ್ತು. ಮೊದಲೆರಡು ವಾರ ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಅದನ್ನು ನಾನು ಶಿಸ್ತು ಎಂದು ತಿಳಿದೆ.

ಕಣಕ್ಕೆ ಹಿರಿಯಳು ಹುಲಿಗೆಮ್ಮ. ಹತ್ತಿರದ ಕರೂರಿನಿಂದ ಹನ್ನೊಂದು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ದಿನಾ ಬಸ್ಸಿಗೆ ಬರುವವಳು. ಸುಗ್ಗಿಯಲ್ಲಿ ಕೊಯ್ಲಿನ ಮಿಶಿನ್ ಇಳಿಯದ ಕೆಸರುಗದ್ದೆಗಳನ್ನು ಇವರು ಕೈಯಲ್ಲೇ ಕೊಯ್ದು, ಕೂಲಿಗೆ ಭತ್ತವನ್ನೇ ಪಡೆಯುತ್ತಾರೆ. ಮಾವನವರು ಹಾಕಿಕೊಟ್ಟ ಒಂದು ಪದ್ಧತಿ ಇದೆ: ಸುಗ್ಗಿ ಮುಗಿದ ಮೇಲೆ ಒಂದು ದಿನ ಗಿರಣಿಯ ಕಣ ಪೂರ್ತಿ ಅವರದೇ. ತಮ್ಮ ಭತ್ತ ಒಣಗಿಸಿ ಅಕ್ಕಿ ಮಾಡಿಸಿಕೊಂಡು ಹೋಗುತ್ತಾರೆ. ಹನ್ನೆರಡು ಮನೆಗಳ ವರ್ಷದ ಅನ್ನ ಅದು. ಆ ದಿನ ಮೂರನೆಯ ಸೋಮವಾರವೇ ಬಿತ್ತು.

ಅಂದು ಬೆಳಿಗ್ಗೆ ನಾನು ವಿಷಯಪಟ್ಟಿ ಬರೆಯುತ್ತಿದ್ದಾಗ ನಾಗರತ್ನ ಮಾಳಿಗೆಯಿಂದ ಬಟ್ಟೆ ತೆಗೆದುಕೊಂಡು ಬಂದಳು. "ಮೋಡ ಸಿರುಗುಪ್ಪದ ಕಡಿಗೆ ಹೊಂಟೈತ್ರೀ," ಎಂದಳು. ನಾನು ತುಟಿಗೆ ಬೆರಳಿಟ್ಟು ಸುಮ್ಮನಿರಿಸಿದೆ.

ವಿಷಯ ಒಂದು, ಚೀಲ ಹೊಲಿಯುವ ದಾರ. ದಾರದ ಮೊದಲ ಮಾತಿಗೇ ಹುಲಿಗೆಮ್ಮ ಕೈ ಎತ್ತಿದಳು.

"ನಿನ್ನ ಸರದಿ ಕಡೀಕ ಐತಿ ಹುಲಿಗೆಮ್ಮ. 'ಇತರೆ ವಿಷಯ'ದಾಗ ಹೇಳುವಂತಿ."

ಕೈ ಇಳಿಸಿದಳು. ಹಿಂದೆ ತಿರುಗಿ ನೋಡಿ ಮತ್ತೆ ಎತ್ತಿದಳು. ವಿಷಯ ಎರಡು, ಚಹಾದ ಹೊತ್ತು. ಈಗ ಖಾಜಾಸಾಬರೂ ಎತ್ತಿದರು. ನೋಡನೋಡುತ್ತ ಹನ್ನೆರಡೂ ಹೆಣ್ಣುಮಕ್ಕಳ ಕೈಗಳು ಮೇಲೆದ್ದವು. ನನ್ನ ಎದೆ ಉಬ್ಬಿತು. ಮೂರೇ ವಾರದಲ್ಲಿ ಎಂಥ ಭಾಗವಹಿಸುವಿಕೆ!

"ಖಾಜಾಸಾಬ್ರೇ, ಫೋನಿನ ಕ್ಯಾಮೆರಾ ಸ್ವಲ್ಪ ಒರಸ್ರಿ. ಹಿಂದೆಲ್ಲಾ ಕಪ್ಪಗ ಕಾಣಾಕತ್ತೈತಿ."

ಪಾಪ, ಅವರು ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಿದರು. ಇನ್ನೂ ಕಪ್ಪಾಯಿತು.

ಹುಲಿಗೆಮ್ಮ ಎದ್ದು ನಿಂತಳು. "ಸಾವ್ಕಾರ್ರೀ, ಕೈ ಎತ್ತಿ ಎತ್ತಿ ರಟ್ಟಿ ನೋಯಾಕತ್ತೈತಿ. ನಮ್ ಮನಿಮಂದಿ ಅನ್ನ ಬಯಲಾಗ ಬಿದ್ದೈತ್ರಿ. ನಿಮ್ 'ಇತರೆ' ಬರೂತನ ಮಳಿ ಕಾಯಂಗಿಲ್ಲ."

ಹೋದಳು. ಅವಳ ಹಿಂದೆ ಎಲ್ಲರೂ ಹೋದರು. "ಮುಗಿಯುವ ತನಕ ಯಾರೂ ಏಳುವಂತಿಲ್ಲ," ಎಂದು ನಾನು ಚೀಲಗಳಿಗೆ ಹೇಳಿದೆ.

ಫೋನು ಮಾತ್ರ ಅಲ್ಲೇ ಇತ್ತು. ಅದರಲ್ಲಿ ನಾನು ಕಂಡದ್ದನ್ನು ಇವತ್ತಿಗೂ ಮರೆತಿಲ್ಲ. ಯಾರೂ ಯಾರಿಗೂ ಏನೂ ಹೇಳಲಿಲ್ಲ. ಹೆಣ್ಣುಮಕ್ಕಳು ಹಲಗೆ ಹಿಡಿದು ನಾಲ್ಕೂ ಕಡೆಯಿಂದ ಭತ್ತವನ್ನು ನಡುವಿಗೆ ಎಳೆದರು. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಕಣದುದ್ದಕ್ಕೂ ನೀರು ಇಳಿದು ಹೋಗುವ ಹಾಗೆ ಒಂದು ದಿಂಡು ಎದ್ದಿತು. ಹಮಾಲರು ತಾಡಪಾಲು ಬಿಚ್ಚಿ ಬೀಸಿದರೆ ಆ ಕಡೆಯ ಅಂಚು ಯಾರದೋ ಕೈಗೆ ಸರಿಯಾಗಿ ಹೋಗಿ ಬಿತ್ತು. ಮಂಡಿನೋವಿನ ಖಾಜಾಸಾಬರು ಅಂಚಿಗೆ ಇಟ್ಟಿಗೆ ಹೇರುತ್ತ ಓಡಾಡುತ್ತಿದ್ದರು. ದಪ್ಪ ಹನಿ ಬಿದ್ದಾಗ ಒಬ್ಬಳೂ ತಲೆ ಎತ್ತಿ ನೋಡಲಿಲ್ಲ. ಇಪ್ಪತ್ತು ವರ್ಷ ಈ ಜನರ ನಡುವೆಯೇ ಕೂತಿದ್ದೆ, ಒಂದು ದಿನವೂ ಇದನ್ನು ಕಂಡಿರಲಿಲ್ಲ. ನನ್ನ ಕೈಯಲ್ಲಿ ಕಾಗದವಿತ್ತು. 'ವಿಷಯ ಮೂರು: ಒಗ್ಗಟ್ಟು. ಹದಿನೈದು ನಿಮಿಷ.'

ನಾಗರತ್ನ ಯಾವಾಗಲೋ ಬಂದು ಹಿಂದೆ ನಿಂತಿದ್ದಳು. "ನಮ್ಮಪ್ಪ ಇಂಥಾ ಹೊತ್ತಿನಾಗ ಕುರ್ಚಿ ಎತ್ಕೊಂಡು ಗ್ವಾಡಿಗೆ ಸರೀತಿದ್ದ," ಎಂದಳು. "ಯಾರಿಗೂ ಅಡ್ಡ ಆಗಬಾರ್ದಂತ."

ಮರುದಿನ ಬೆಳಗಿನ ಬಸ್ಸು ಹಿಡಿದು ಹೋದೆ. ಮೂಲೆಯಲ್ಲಿದ್ದ ಎರಡು ಚೀಲದಷ್ಟು ಭತ್ತ ತೊಯ್ದಿತ್ತು. ಹುಲಿಗೆಮ್ಮನದೇ.

"ನಿಂದ ಮೊದಲು ಯಾಕ ಮುಚ್ಚಲಿಲ್ಲ?"

"ಮೂಲಿ ಹಿಡ್ಕೊಂಡು ಕುಂತ್ರ ನಡುವಿನ ಎಲ್ಲಾರ್ ಭತ್ತ ಹೋಕ್ಕೈತ್ರಿ," ಎಂದಳು, ಇಷ್ಟೂ ತಿಳಿಯದೇ ಎಂಬ ಹಾಗೆ. ತಪ್ಪು ನನ್ನದೆಂದು ಹೇಳಿ ಗಿರಣಿಯ ಒಣ ಭತ್ತ ಎರಡು ಚೀಲ ಕೊಡಿಸಿದೆ. ಬೇಡ ಎನ್ನುವಳೇನೋ ಎಂದುಕೊಂಡಿದ್ದೆ. "ಕೊಡ್ರಿ ಮತ್ತ. ನಿಮ್ ಮೀಟಿಂಗಿಗೇ ತೊಯ್ದದ್ದು," ಎಂದು ಸೆರಗು ಸಿಕ್ಕಿಸಿ ಚೀಲಗಳನ್ನು ತನ್ನ ಕಡೆಗೆ ಎಳೆದುಕೊಂಡಳು.

ಮುಂದಿನ ಸೋಮವಾರದಿಂದ ವಿಡಿಯೋ ಮೀಟಿಂಗನ್ನು ಅವಳೇ ನಡೆಸುತ್ತಾಳೆ. ಎರಡು ನಿಮಿಷ, ನಿಂತುಕೊಂಡೇ. ಮೊದಲ ದಿನವೇ ನನಗೂ ಒಂದು ಹೊಣೆ ಹಂಚಿದಳು. "ಸಾವ್ಕಾರ್ರೀ, ಮೋಡ ನಿಮ್ ಕಡಿಯಿಂದ ಬರ್ತಾವು. ಹನ್ನೊಂದಕ್ಕ ಮಾಳಿಗಿ ಹತ್ತಿ ಆಕಾಶ ನೋಡಿ ಹೇಳ್ರಿ. ನಿಮ್ಗ ಅಷ್ಟ ಕೆಲಸ."

ನಾನು ಒಪ್ಪಿದೆ. ಮೊನ್ನೆ ಮಾಳಿಗೆಯಲ್ಲಿ ನಿಂತಾಗ ನಿಜಕ್ಕೂ ಕಪ್ಪಗೇನೋ ಎದ್ದು ಬರುತ್ತಿತ್ತು. ಫೋನನ್ನು ಅತ್ತ ತಿರುಗಿಸಿ ಗಂಭೀರವಾಗಿ ಸಾರಿದೆ: "ತೆಂಕಣ ದಿಕ್ಕಿನಾಗ ದಟ್ಟ ಮೋಡ. ಎಲ್ರೂ ಕಣಕ್ಕ ಇಳೀರಿ."

ಹುಲಿಗೆಮ್ಮ ಅಲ್ಲಿಂದಲೇ ಅಂಗೈ ಅಗಲದ ಪರದೆಯನ್ನು ಒಂದು ಕ್ಷಣ ನೋಡಿದಳು.

"ಅದು ಮೋಡ ಅಲ್ರೀ. ನಿಮ್ ಓಣ್ಯಾಗ ಯಾರೋ ಕಸ ಸುಡಾಕತ್ತಾರ. ಕೆಳಗ ಇಳೀರಿ, ಹೊಗಿ ಕಣ್ಣಿಗೆ ಹೊಡೀತೈತಿ."

ಕಣ್ಣು ಉರಿಯುತ್ತಿದ್ದದ್ದು ಹೌದು. ನಾಯಕತ್ವದ ಹೊಣೆಯಿಂದ ಎಂದುಕೊಂಡಿದ್ದೆ.