ಬ್ಲಾಗಿಗೆ ಮನೆಮನೆ ಹೇಳಿಕೆ

ವಯಸ್ಸಾದ ಮೇಲೆ ಹೊಸತೇನಾದರೂ ಶುರು ಮಾಡಿದರೆ ಕೆಲಸಕ್ಕಿಂತ ಅದರ ಸುತ್ತಲಿನ ಸುಸ್ತೇ ಹೆಚ್ಚು. ನಾನು ಎಪ್ಪತ್ತಕ್ಕೆ ಬ್ಲಾಗ್ ಶುರು ಮಾಡಿದೆ. ಅಂದಿನಿಂದ ಇಂಥವು ಆಗುತ್ತಲೇ ಇವೆ. ತಡೆಯುವ ಶಕ್ತಿ ಇಲ್ಲ, ಬರೆದಿಡುತ್ತೇನೆ.

೧. ಮೂವರು ಓದುಗರು

ಮದುವೆಯಾಗಿ ನಾಸಿಕ್ ಸೇರಿ ನಲವತ್ತೆಂಟು ವರ್ಷ. ಬ್ಲಾಗಿನಲ್ಲಿ ನಾನು ಬರೆದದ್ದೆಲ್ಲ ಕುಂದಾಪುರದ ಕಡೆಯ ನನ್ನ ತವರೂರು ನಾವುಂದದ ಬಾಲ್ಯದ್ದು. ಅದು ಸರಿಯೋ ತಪ್ಪೋ ಹೇಳಬಲ್ಲವಳು ಈಗ ಉಳಿದಿರುವುದು ಅಲ್ಲೇ ಇರುವ ನನ್ನ ಅಕ್ಕ ಒಬ್ಬಳೇ. ಅವಳು ಓದಿ ‘ಹೌದು’ ಅಂದರೆ ನನಗೆ ಸಾಕಿತ್ತು.

ಕುಟುಂಬದ ವಾಟ್ಸಾಪ್ ಗುಂಪಿಗೆ ಲಿಂಕ್ ಹಾಕಿದೆ. ತಿಂಗಳಾದರೂ ಓದಿದವರು ಮೂವರು: ನನ್ನ ಮೊಬೈಲಿನಲ್ಲಿ ನಾನು, ಸೊಸೆಯ ಮೊಬೈಲಿನಲ್ಲಿ ನಾನು, ಪಕ್ಕದ ಮನೆಯ ಕಂಪ್ಯೂಟರಿನಲ್ಲಿ ನಾನು.

ಅಕ್ಕನಿಗೆ ಫೋನ್ ಮಾಡಿದೆ.

“ಅಕ್ಕ, ಓದಿದ್ಯಾ?”

“ಹೇಳಿಕೆ ಇಲ್ದೆ ಹ್ಯಾಂಗೆ ಓದೂದ್?”

ನಮ್ಮ ಕಡೆ ಮದಿಗೆ, ಅಂದರೆ ಮದುವೆಗೆ, ಹೇಳಿಕೆ ಎಂದರೆ ಮನೆಯ ಮೆಟ್ಟಿಲು ಹತ್ತಿ, ಬಾಯಿಬಿಟ್ಟು ಕರೆಯುವುದು. ಫೋನಿನಲ್ಲಿ ಕರೆದದ್ದು ಲೆಕ್ಕಕ್ಕಿಲ್ಲ.

“ಇದ್ ಮದಿ ಅಲ್ಲ ಮಾರಾಯ್ತಿ!”

“ಮದಿ ಅಲ್ದಿರೆ ಎಂತ? ಕರೀದೆ ನಾ ಉಂಬುಕೂ ಹೋಪುದಿಲ್ಲ, ಓದೂದೂ ಇಲ್ಲ.”

೨. ಮುಹೂರ್ತ

ಹೋಗಲಿ ಎಂದು ರೈಲು ಹತ್ತಿ ಕುಂದಾಪುರದಲ್ಲಿ ಇಳಿದೆ. ಕರೆಯಲು ಹೋಗುವಾಗ ಕೈಯಲ್ಲಿ ಒಂದು ಕಾಗದವಾದರೂ ಬೇಕಲ್ಲ. ಜೆರಾಕ್ಸ್ ಅಂಗಡಿಯವರಿಗೆ ಬ್ಲಾಗಿನ ವಿಳಾಸ ಕೊಟ್ಟು ಇಪ್ಪತ್ತು ಕಾರ್ಡು ಮಾಡಿಕೊಡಿ ಅಂದೆ.

“ಮುಹೂರ್ತ ಎಷ್ಟೊತ್ತಿಗ್ ಅಮ್ಮ?”

“ಮುಹೂರ್ತ ಇಲ್ಲ. ಯಾವಾಗ ಬೇಕಾದರೂ ಓದಬಹುದು.”

ಅವರು ಕನಿಕರದಿಂದ ನನ್ನನ್ನೇ ನೋಡಿದರು. “ಹಂಗಾರೆ ಯಾರೂ ಬಪ್ಪುದಿಲ್ಲ.”

ಕಾರ್ಡು ಚೆನ್ನಾಗಿಯೇ ಬಂತು. ಆದರೆ ಕೆಳಗೆ ನಾನು ಹೇಳದ ಸಾಲೊಂದು ಸೇರಿತ್ತು: ‘ಆಶೀರ್ವಾದವೇ ಉಡುಗೊರೆ.’

೩. ದಾರಿ ಮೇಲೆ ಹೇಳೂದಲ್ಲ

ಅಕ್ಕನ ಮನೆಯಲ್ಲಿ ನಾಲ್ಕು ದಿನ ಕಾಲು ಚಾಚಿ ಕೂರಬೇಕೆಂದು ಅದನ್ನು ಕೊನೆಗೆ ಇಟ್ಟುಕೊಂಡು, ಮೊದಲು ಹಾಲಾಡಿಗೆ ಹೋದೆ. ಬಸ್ಸಿನಿಂದ ಇಳಿಯುವಾಗಲೇ ಪೇಟೆಯಲ್ಲಿ ದೊಡ್ಡಮ್ಮನ ಮಗ ಸಿಕ್ಕಿದ. ಪುಣ್ಯ, ಅಷ್ಟು ದೂರ ಹೋಗುವುದು ತಪ್ಪಿತು ಎಂದು ಅಲ್ಲೇ ಕಾರ್ಡು ತೆಗೆದೆ. ಅವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

“ದಾರಿ ಮೇಲ್ ಹೇಳೂದಲ್ಲ. ಮನಿಗ್ ಬಾ.”

“ಸರಿ ಅಣ್ಣ, ನಿನ್ನ ಸ್ಕೂಟರಿನಲ್ಲೇ ಬತ್ತೆ.”

“ಅದ್ ಆತಿಲ್ಲ. ನೀ ಬಪ್ಪತಿಗೆ ನಾ ಮನಿಯಂಗ್ ಇರ್ಕಲ್ದಾ!”

ಕರೆಯುವವರು ಬರುವಾಗ ಮನೆಯವನು ಮನೆಯಲ್ಲೇ ಇರಬೇಕಂತೆ; ಅವನು ಸ್ಕೂಟರಿನಲ್ಲಿ ಹೋದ. ನಾನು ರಿಕ್ಷಾ ಮಾಡಿಕೊಂಡು ಹಿಂದೆಯೇ ಹೋದೆ. ಅಂಗಳದಲ್ಲಿ ಇಳಿದರೆ, ಅಂಗಿ ಬದಲಾಯಿಸಿಕೊಂಡು ಜಗಲಿಯಲ್ಲಿ ನಿಂತಿದ್ದ.

“ಹ್ವಾಯ್! ಅಪರೂಪ! ಯಾವಾಗ್ ಬಂದದ್ದ್?”

೪. ಮನೆಗೊಬ್ಬರು

ಬಾರ್ಕೂರಿನ ಅತ್ತಿಗೆ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಎಲ್ಲರೂ ಓದ್ಕಾ?”

“ಎಲ್ಲರೂ ಓದಿರೆ ಖುಷಿ.”

“ಎಲ್ಲರಿಗ್ ಪುರ್ಸೊತ್ತ್ ಆತಿಲ್ಲ. ಮನಿಗೊಬ್ರ್ ಸಾಕಲ್ದಾ? ಅವ್ರನ್ನೇ ಕಳಿಸ್ತೆ” ಎಂದು ಅಲ್ಲೇ ಮಲಗಿದ್ದ ಗಂಡನನ್ನು, ಅಂದರೆ ನನ್ನ ಚಿಕ್ಕಪ್ಪನ ಮಗ ಅಣ್ಣನನ್ನು, ತೋರಿಸಿದಳು.

ಅಣ್ಣ ಕಣ್ಣು ಬಿಡದೆಯೇ ಕೇಳಿದ: “ಊಟ ಇತ್ತಾ?”

೫. ಕೋಣದ ಬಾಲ

ನಾವುಂದಕ್ಕೆ ಮುಟ್ಟುವಾಗ ಕಾಲು ಊದಿಕೊಂಡಿತ್ತು. ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಬಾರ್ಕೂರಿನಿಂದ ಫೋನ್ ಮೊದಲೇ ಬಂದಿತ್ತು.

“ಹಾಲಾಡಿಗ್ ಹೇಳಿ, ಬಾರ್ಕೂರಿಗ್ ಹೇಳಿ, ಕಡೀಗ್ ನಾನಾ? ಒಡಹುಟ್ಟಿದವ್ಳಿಗ್ ಮೊದ್ಲ್ ಹೇಳೂದಲ್ದಾ?”

ಅವಳು ಹೇಳಿದ್ದು ಸರಿಯೇ. ಮೊದಲ ಹೇಳಿಕೆ ಸ್ವಂತ ಅಕ್ಕನಿಗೇ ಆಗಬೇಕು. ನಲವತ್ತೆಂಟು ವರ್ಷದಲ್ಲಿ ಅದೂ ಮರೆತುಹೋಗಿತ್ತು.  ಜಗಲಿಯಲ್ಲಿ ಕುಸಿದು ಕೂತು, ಮೊಬೈಲ್ ತೆಗೆದು ಗಟ್ಟಿಯಾಗಿ ಓದತೊಡಗಿದೆ. ಆರನೇ ವಯಸ್ಸಿನಲ್ಲಿ ಗದ್ದೆಯ ನೆರೆನೀರಿಗೆ ಬಿದ್ದ ನಾನು ಕೋಣದ ಬಾಲ ಹಿಡಿದು ಬದುಕಿದ ಕಥೆ ಅದು.

ಅಕ್ಕ ಒಳಗೆ ಹೋಗಲಿಲ್ಲ. ಪೂರ್ತಿ ಕೇಳಿದಳು.

“ಸುಳ್ಳ್. ಬಾಲ ಹಿಡ್ದದ್ದ್ ನಾನ್. ಆ ಕೋಣ ಸತ್ ಎರಡ್ ವರ್ಷಕ್ ನೀ ಹುಟ್ಟಿದ್ದ್.”

 ಇನ್ನೊಂದು ಓದಿದೆ. ಅದೂ ಅವಳದ್ದೇ. ಚಿಕ್ಕಂದಿನಲ್ಲಿ ಅವಳು ಹೇಳಿ ಹೇಳಿ ಮಲಗಿಸಿದ ಕಥೆಗಳನ್ನೆಲ್ಲ ನಾನು ನನ್ನವೇ ಎಂದುಕೊಂಡು ಇಷ್ಟು ವರ್ಷ ಇಟ್ಟುಕೊಂಡಿದ್ದೆ.

“ಗುಡ್ಡೆಯಂಗೆ ದಾರಿ ತಪ್ಪಿ ಮರ್ಕಿದ್ದ್?” ಎಂದು, ಅತ್ತದ್ದಾದರೂ ನಾನೇ ಇರಲಿ ಎಂಬ ಕೊನೆಯ ಆಸೆಯಿಂದ ಕೇಳಿದೆ.

“ಅದ್ ನೀನೇ. ಆರೆ ಹುಡ್ಕಿದ್ದ್ ನಾನ್.”

“ಹಂಗಾರೆ ಎಲ್ಲ ಅಳಿಸ್ತೆ ಅಕ್ಕ.”

“ಅಳ್ಸೂದ್ ಎಂತಕ್ಕೆ? ಲಾಯ್ಕ್ ಇತ್ತಲೆ! ಮೇಲೆ ಯಾರ್ ಹೆಸ್ರ್ ಹಾಕಿದ್ದ್?”

“ನಂದ್.”

“ಅದೊಂದ್ ತೆಗಿ. ನಂದ್ ಹಾಕ್.”

ಹಾಕಿದೆ. ಈಗ ಬ್ಲಾಗ್ ಅಕ್ಕನ ಹೆಸರಿನಲ್ಲಿದೆ. ನಾಸಿಕ್‌ನಲ್ಲಿ ಕೂತು, ಬೆನ್ನುನೋವಿಗೆ ಎಣ್ಣೆ ಹಚ್ಚಿಕೊಂಡು ಬರೆಯುವವಳು ನಾನೇ. ಬೆಳಿಗ್ಗೆ ಕಾಫಿ ಕುಡಿಯುವಷ್ಟರಲ್ಲಿ ಅವಳ ಫೋನ್ ಬರುತ್ತದೆ:

“ಹೆಣೆ, ಇವತ್ತ್ ನಾನ್ ಎಂತ ಬರ್ದದ್ದ್?”