ಓದಿದವನಿಗೆ ಬಾರದ ಮಾತು

ಬೆವರು ಬರದ ಕೆಲಸವನ್ನು ಕೆಲಸ ಎನ್ನಲು ನನಗೆ ಬಾಯಿ ಬರುವುದಿಲ್ಲ. ಆರನೇ ಕ್ಲಾಸಿಗೆ ಶಾಲೆ ಬಿಟ್ಟು, ಕಂಬ ಹೊತ್ತು ಹೊತ್ತು ಸಿಂಧನೂರಿನಲ್ಲಿ ಸ್ವಂತ ಶಾಮಿಯಾನದ ಅಂಗಡಿ ಮಾಡಿದವನು ನಾನು. ಹಾಗಾಗಿ ಲೇಖಕರೆಂದರೆ ಒಂದು ತರಹದ ಕನಿಕರ. ಪಾಪ, ಕೂತೇ ಇರುತ್ತಾರೆ. ಆದರೆ ಅವರ ಸನ್ಮಾನ ಸಮಾರಂಭಗಳಿಗೆ ಪೆಂಡಾಲು ಹಾಕತೊಡಗಿದ ಮೇಲೆ ಗೊತ್ತಾಯಿತು, ಅವರಿಗೂ ಬೆವರು ಬರುತ್ತದೆ. ಮಸ್ಕಿಯ ಬಿಸಿಲಲ್ಲಿ ಶಾಲು ಹೊದಿಸಿ, ತಲೆಗೆ ಪೇಟ ಬಿಗಿದು, ತೊಡೆಯ ಮೇಲೆ ಹಣ್ಣಿನ ಬುಟ್ಟಿ ಇಟ್ಟು ಮೂರು ತಾಸು ಕೂಡಿಸಿದರೆ ಬರದೆ ಏನು ಮಾಡೀತು? ಯಾವ ತಪ್ಪಿಗೆ ಈ ಶಿಕ್ಷೆ ಎಂದರೆ, ಕಥೆ ಬರೆದ ತಪ್ಪಿಗೆ.

ಹೋದ ತಿಂಗಳು ಹಾಗೆ ಕೂತಿದ್ದವರು ಪಾಮನಕಲ್ಲೂರಿನ ಶರಣಪ್ಪನವರು. ಬೀಜ-ಗೊಬ್ಬರದ ಅಂಗಡಿ ಇಟ್ಟುಕೊಂಡು, ಗಿರಾಕಿ ಇಲ್ಲದ ಹೊತ್ತಿನಲ್ಲಿ ಕಥೆ ಬರೆಯುವ ಮನುಷ್ಯ. ಹೊಗಳಲೆಂದು ಲಿಂಗಸುಗೂರಿನಿಂದ ಬಂದಿದ್ದ ಅಧ್ಯಕ್ಷರು ಪುಸ್ತಕಕ್ಕೆ ಸುತ್ತಿದ್ದ ಬಣ್ಣದ ಕಾಗದ ಬಿಚ್ಚಿದ್ದೇ ವೇದಿಕೆಯ ಮೇಲೆ. ಬಿಚ್ಚಿ, ಫೋಟೊದವನಿಗೆ ತೋರಿಸಿ, "ಈ ಪುಸ್ತಕ ಓದಿ ನನಗ ಮೂರು ದಿನ ನಿದ್ದಿ ಬಂದಿಲ್ಲರಿ!" ಎಂದರು. ಅವರಿಗೆ ಬಾರದ ಆ ನಿದ್ದೆಯನ್ನು ಮುಂದಿನ ಸಾಲಿನವರು ಅಲ್ಲೇ ಮಾಡಿ ಮುಗಿಸುತ್ತಿದ್ದರು. ಎಚ್ಚರಿದ್ದವರು ಹಂಚಿದ ಪುಸ್ತಕದಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ದಪ್ಪ ರಟ್ಟು, ಒಳ್ಳೆಯ ಗಾಳಿ.

ಭಾಷಣ ಮುಗಿಯದೆ ನಾನು ಕುರ್ಚಿ ಎತ್ತುವಂತಿಲ್ಲ. ವೇದಿಕೆಯ ಹಿಂದೆ ಜನರೇಟರ್ ಪಕ್ಕ ಕೂತು, ಕೈಯಲ್ಲಿದ್ದ ಬೀಸಣಿಗೆಯನ್ನು ಸುಮ್ಮನೆ ತೆರೆದೆ. ಕುರಿ ಕಾಯುವ ಒಬ್ಬ ಮುದುಕಿಯ ಕಥೆ. ಸೊಸೆ ಮಾರಿಬಿಟ್ಟ ಮರಿಯನ್ನು ಹುಡುಕುತ್ತ ಮುದುಕಿ ಸಂತೆಗೆ ಹೊರಟಿದ್ದಾಳೆ. ಸಿಕ್ಕೀತೋ ಇಲ್ಲವೋ? ಅಷ್ಟರಲ್ಲಿ ಕರೆಂಟ್ ಹೋಗಿದೆ, ಮೈಕು ಸತ್ತಿದೆ, "ಶಾಮಿಯಾನದಾಂವ ಎಲ್ಲಿ ಹಾಳಾಗಿ ಹೋಗ್ಯಾನಲೇ?" ಎಂದು ಇಡೀ ಸಭೆ ಕೂಗುತ್ತಿದೆ. ನನಗೆ ಕೇಳಿಸಿಯೇ ಇಲ್ಲ. ನಾನು ಸಂತೆಯಲ್ಲಿದ್ದೆ.

ವೇದಿಕೆ ಇಳಿಯಲು ನೆಪ ಸಿಕ್ಕಿತೆಂದು ನನ್ನನ್ನು ಹುಡುಕಿ ಬಂದವರು ಶರಣಪ್ಪನವರೇ, ಶಾಲು-ಪೇಟದ ಸಮೇತ. ನನ್ನ ಕೈಯಲ್ಲಿ ತೆರೆದ ಪುಸ್ತಕ ನೋಡಿ ಜನರೇಟರ್ ಮಾತನ್ನೇ ಮರೆತರು.

"ಓದಾಕತ್ತೀರೇನ್ರಿ?" ದನಿ ಸಣ್ಣಗಾಗಿತ್ತು. "ಓದೀನಿ ಅನ್ನಾವ್ರು ಭಾಳ ಮಂದಿ, ಖರೇ ಓದಿದಾವ್ರು ಇಲ್ಲೀತನ ಒಬ್ಬರೂ ಸಿಕ್ಕಿಲ್ಲರಿ. ಹೆಂಗೈತಿ? ಮುಚ್ಚಿಡಬ್ಯಾಡ್ರಿ."

ಮುದುಕಿ ನನ್ನ ಗಂಟಲಲ್ಲೇ ಕೂತಿದ್ದಳು. ಆದರೆ ದುಡಿಯುವ ಗಂಡಸು ಕಥೆ ಓದುತ್ತ ಸಿಕ್ಕಿಬಿದ್ದ ನಾಚಿಕೆ ಇದೆಯಲ್ಲ, ಬಾಯಿಗೆ ಮೊದಲು ಬಂದದ್ದು ಅದು.

"ನಿಮ್ಮ ಸಂತ್ಯಾಗ ಟೆಂಟಿನ ಕಂಬ ಒಬ್ಬಾಂವನ ನಿಲ್ಲಸ್ತಾನ್ರಿ. ಅದಕ್ಕ ಇಬ್ಬರು ಬೇಕು."

ಅವರು ಬೇಸರಪಡಲಿಲ್ಲ. ಪೆನ್ನು ತೆಗೆದು ಅಂಗೈಯಲ್ಲಿ ಬರೆದುಕೊಂಡರು. "ಇಬ್ಬರು... ಹೂಂ. ಮತ್ತ?" ಎಂದು ಪೆನ್ನು ಎತ್ತಿ ಹಿಡಿದು ಕಾದರು.

"ಮತ್ತೇನಿಲ್ಲ. ಸರೀರಿ ಅತ್ಲಾಗ, ಜನರೇಟರ್ ಚಾಲೂ ಮಾಡಬೇಕು" ಎಂದೆ.

ಸಂಜೆ ಮನೆಯಲ್ಲಿ ಅಧ್ಯಕ್ಷರ ಭಾಷಣವನ್ನು ಕೈ ಬೀಸಿ ಬೀಸಿ ಅಣಕಿಸಿದೆ. ಹೆಂಡತಿ ಶಾಂತಮ್ಮ ರೊಟ್ಟಿ ಬಡಿಯುತ್ತ ನಕ್ಕಳು. ಬರುವ ದಾರಿಯಲ್ಲಿ ಓದಿ ಮುಗಿಸಿದ್ದ ಮುದುಕಿಯ ಕಥೆಯನ್ನೂ ಹೇಳಿದೆ. ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು.

"ಇಷ್ಟು ಛಲೋ ಬರದಾರಂತ ಅವರಿಗೆ ಹೇಳಿದ್ರೇನ್ರಿ?"

"ಕಂಬಕ್ಕ ಇಬ್ಬರು ಬೇಕಂತ ಹೇಳೀನಿ."

"ಅಲ್ರೀ, ಓದಲಾರದವ್ರು ಅಷ್ಟು ಹೊಗಳಿದ್ರು. ಓದಿದಾವ್ರು ನೀವೊಬ್ರ. ನಿಮಗೇನು ಬ್ಯಾನಿ ಬಂದಿತ್ತು?"

ಪುಸ್ತಕದ ಹಿಂದೆ ಅವರ ಫೋನ್ ನಂಬರಿತ್ತು. ನಾಲ್ಕು ಸಾಲು ಬರೆದು ಕಳಿಸಿದರಾಯಿತು, ಅದೇನು ಮಹಾ, ಎಂದು ಕೂತೆ. ಬರೆದೆ, ಅಳಿಸಿದೆ. ಮತ್ತೆ ಬರೆದದ್ದು ಅಧ್ಯಕ್ಷರ ಭಾಷಣದ ಹಾಗಾಯಿತು, ಅದನ್ನೂ ಅಳಿಸಿದೆ. ಒಂದು ಲಾರಿ ಕುರ್ಚಿ ಇಳಿಸುವಷ್ಟು ಹೊತ್ತಾದರೂ ಉಳಿದದ್ದು "ನಮಸ್ಕಾರರಿ" ಒಂದೇ. ಅದನ್ನೇ ಕಳಿಸಿದೆ. ತಕ್ಷಣ ಉತ್ತರ ಬಂತು: "ಹೇಳ್ರಿ."

ಮೂರು ವಾರವಾಯಿತು. ಇನ್ನೂ ಬರೆಯುತ್ತಿದ್ದೇನೆ.