ಆರು ಗುಂಡಿ, ಒಂದು ಕುರ್ಚಿ

ನಮ್ಮ ದೊಡ್ಡಪ್ಪನಿಗೆ ಸ್ವಂತ ಬುದ್ಧಿಯೇ ಇಲ್ಲ. ಇದ್ದದ್ದನ್ನೆಲ್ಲ ಆರು ಗುಂಡಿಗಳಲ್ಲಿ ಹಂಚಿಟ್ಟಿದ್ದಾರೆ!

ಗುಂಡಿ ಎಂದರೆ ಮಗ್ಗದ ಗುಂಡಿ. ಹಿಂದೂಪುರದಲ್ಲಿ ಅವರದು ಆರು ಮಗ್ಗದ ರೇಷ್ಮೆ ಸೀರೆ ಶೆಡ್ಡು. ನೇಯುವವರು ಕಾಲು ಇಳಿಬಿಟ್ಟು ಕೂರಲು ಒಂದೊಂದು ಮಗ್ಗಕ್ಕೂ ಒಂದೊಂದು ಗುಂಡಿ. ಅಲ್ಲಿ ಏನೇ ತೀರ್ಮಾನವಾಗಬೇಕಾದರೂ ದೊಡ್ಡಪ್ಪ ನೇಯುವವರನ್ನು ಎಬ್ಬಿಸಿ, ಆರೂ ಗುಂಡಿಗೆ ತಾವೇ ಇಳಿದು ಕೂತು ನೋಡಬೇಕು. ಕುಡಿಯುವ ನೀರಿನ ಕೊಡ ಎಲ್ಲಿಡುವುದು ಎನ್ನುವುದಕ್ಕೆ ಮೂರು ದಿನ ಹಿಡಿಯಿತು. ಒಂದೇ ದಿನವಿರಬಹುದು, ಅವರ ವಿಷಯದಲ್ಲಿ ನನ್ನ ನೆನಪು ಯಾವತ್ತೂ ಉಬ್ಬಿಸಿಯೇ ಹೇಳುತ್ತದೆ. ನಾಲ್ಕನೇ ಗುಂಡಿಯಲ್ಲಿ ಅವರ ಹೊಟ್ಟೆ ಸಿಕ್ಕಿಕೊಂಡು ಇಬ್ಬರು ಎಳೆದದ್ದು ಮಾತ್ರ ನಿಜ. ಸಾಕ್ಷಿಗಳಿದ್ದಾರೆ!

ಶೆಡ್ಡಿನ ಮೇಲ್ವಿಚಾರಣೆ ನನ್ನದು. ರೋಸಿಹೋಗಿ ಒಮ್ಮೆ ಅಂದೆ: "ಎಲ್ಲಾರ್ನೂ ಕೇಳಿದ್ದಾಯ್ತು ದೊಡ್ಡಪ್ಪ. ಗೋಡೆ ಮ್ಯಾಗಿನ ಹಲ್ಲಿ ಒಂದು ಉಳ್ಕೊಂಡದೆ."

"ಅದು ಆಗ್ಲೇ ಲೊಚಗುಟ್ತು ಕಣ್ಲಾ. ನೀನು ಕೇಳಿಸ್ಕೊಳ್ಳಲಿಲ್ಲ!"

ಹೀಗಿರುವಾಗ ಲೇಪಾಕ್ಷಿಯಲ್ಲೊಂದು ಮದುವೆ ಬಂತು. ದೊಡ್ಡಪ್ಪನೂ ಹೋದರು, ನೇಯುವವರೂ ಹೋದರು. ನನಗೆ ಎರಡು ದಿನದ ರಾಜ್ಯಭಾರ! ನೂಲು ಸುತ್ತುವ ಹೊಸ ಮಷೀನು ಗುಂಡಿಗಳ ಒಪ್ಪಿಗೆಗೆ ಕಾಯುತ್ತ ತಿಂಗಳಿಂದ ಹೊರಗೇ ಬಿದ್ದಿತ್ತು. ಶೆಡ್ಡಿಗೆ ತೆರೆದ ನನ್ನ ಕೋಣೆಯ ಕುರ್ಚಿಯಲ್ಲೇ ಕೂತು ನೋಡಿದೆ. ಪೂರ್ವದ ಕಿಟಕಿಯ ಹತ್ತಿರ ಜಾಗವಿತ್ತು. ಮಷೀನು ಕೂರಿಸಿದೆ, ಗಾಳಿಗೆ ನೂಲು ಹಾರುತ್ತದೆಂದು ಕಿಟಕಿಗೆ ಇಟ್ಟಿಗೆ ಕಟ್ಟಿಸಿದೆ. ಅರ್ಧ ದಿನದ ಕೆಲಸ. ಎಷ್ಟು ಸುಲಭ ನೋಡಿ!

ನೇಯುವವರು ಮೊದಲು ಮರಳಿದರು, ದೊಡ್ಡಪ್ಪ ಇನ್ನೆರಡು ದಿನ ನೆಂಟರಲ್ಲಿ ಉಳಿದರು. ಆರನೇ ಮಗ್ಗದ ನಂಜಕ್ಕ ಅಷ್ಟು ವರ್ಷ ನೇಯುತ್ತಿದ್ದದ್ದು ಆ ಕಿಟಕಿಯ ಬೆಳಕಿನಲ್ಲಿ. ಅವಳ ಕಣ್ಣು ಆಗಲೇ ಮಂಜು. "ಟ್ಯೂಬ್‌ಲೈಟ್ ಹಾಕ್ಸ್ತೀನಿ ಬಿಡಕ್ಕ" ಎಂದೆ. ಹಾಕಿಸಿದೆ. ಅದರ ಬೆಳಕಿನಲ್ಲಿ ಕಡುಹಸಿರೂ ಕಪ್ಪೂ ಅವಳಿಗೆ ಒಂದೇ ಆದವು. ಹಸಿರು ಅಂಚಿನಲ್ಲಿ ಮೊಳದುದ್ದ ಕಪ್ಪು ನೇಯ್ದಳು. ಬೇರೆಯವರು ತೋರಿಸಿದ ಮೇಲೆ ಅಂಚನ್ನು ಸವರುತ್ತ ತುಂಬಾ ಹೊತ್ತು ಕೂತಿದ್ದಳು. ಮಾರನೆಯ ದಿನ ಕಲ್ಯಾಣದುರ್ಗದ ಮಗಳ ಮನೆಗೆ ಹೋದವಳು ಬರಲೇ ಇಲ್ಲ.

ದೊಡ್ಡಪ್ಪ ಬಂದವರೇ ಇಟ್ಟಿಗೆ ಒಡೆಸಿದರು. ಜೀವಮಾನದಲ್ಲಿ ಮೊದಲ ಸಲ, ಯಾರನ್ನೂ ಕೇಳದೆ! ಆಮೇಲೆ ನನ್ನನ್ನೂ ಎಳೆದುಕೊಂಡು ಕಲ್ಯಾಣದುರ್ಗದ ಬಸ್ಸು ಹತ್ತಿದರು.

"ಕಿಟಕಿ ತೆಗ್ಸಿದೀನಿ, ಬಾ ಕಣಮ್ಮ."

"ವದ್ದು ಸಾಮಿ, ಬ್ಯಾಡ," ಎಂದಳು ನಂಜಕ್ಕ. "ಬೆಳಕು ಬಂದ್ರೂ ಕೈಗೆ ಧೈರ್ಯ ಬರಾಕಿಲ್ಲ. ಕಪ್ಪು ಹಾಕ್ಬುಟ್ಟೆನಲ್ಲ."

ಇನ್ನೆರಡು ಸಲ ಹೋದೆವು. ಅದೇ ಮಾತು.

ಕೊನೆಯ ಸಲ ವಾಪಸಾದ ಮೇಲೆ ದೊಡ್ಡಪ್ಪ ನನ್ನ ಕೋಣೆಗೆ ಬಂದರು. ಈಗಲಾದರೂ ಬೈಯಲಿ ಎಂದು ಕಾದೆ. "ಏಳ್ಲಾ" ಎಂದು ಎಬ್ಬಿಸಿ, ನನ್ನ ಕುರ್ಚಿಯಲ್ಲಿ ಕೂತು, ಕತ್ತು ಅತ್ತಿತ್ತ ಹೊರಳಿಸಿದರು. ಆರನೇ ಮಗ್ಗಕ್ಕೆ ಕಂಬ ಅಡ್ಡ.

"ಇಲ್ಲಿಂದ ಆಯಮ್ಮ ಕಾಣಾಕೇ ಇಲ್ಲ ಕಣ್ಲಾ," ಎಂದರು. "ನಾನು ಒಂದ್ಸಲನಾದ್ರೂ ಇಲ್ಲಿ ಕುಂತು ನೋಡ್ಬೇಕಿತ್ತು."

ನನಗೆ ಬೇಕಾದ ಮಾತನ್ನು ನೆನಪೇ ಅವರಿಂದ ಹೇಳಿಸುತ್ತಿದೆಯೇ? ಇರಬಹುದು. ಕಂಬ ಮಾತ್ರ ಅಲ್ಲೇ ಇದೆ. ಅದರಾಚೆ, ಖಾಲಿ ಗುಂಡಿಯ ಮೇಲೆ, ಬೆಳಗಿನ ಬಿಸಿಲು ಬೀಳುತ್ತದೆ.